ಕಾರಿನ ಕೆಳಗೆ ನೀರು ತೊಟ್ಟಿಕ್ತಿದೆ, ಎಸಿದಾ ರೇಡಿಯೇಟರ್‌ದಾ?

ಪ್ರಶ್ನೆ: ಎಲ್ರಿಗೂ ನಮಸ್ಕಾರ. ಉಡುಪಿ ಹತ್ರ ಇದ್ದೀವಿ, ಪೆಟ್ರೋಲ್ ಕಾರು, ಎಂಟು ವರ್ಷ ಹಳೇದು. ಈ ಸೆಕೇಲಿ ಎಸಿ ಹಾಕ್ದೆ ಓಡಿಸೋಕಾಗಲ್ಲ, ಆದ್ರೆ ಮನೆಗೆ ಬಂದು ನಿಲ್ಸಿದ್ರೆ ಮುಂದುಗಡೆ ಎಡಕ್ಕೆ ಟಪ್ ಟಪ್ ಅಂತ ಬೀಳ್ತಾನೇ ಇರತ್ತೆ, ಅಂಗಳದಲ್ಲಿ ಊಟದ ತಟ್ಟೆ ಅಗಲ ಒದ್ದೆ. ಬಣ್ಣ ಇಲ್ಲ. ಪಕ್ಕದ್ಮನೆಯವ್ರು ರೇಡಿಯೇಟರ್ ತೂತಾಗಿದೆ ಅಂತಾರೆ. ಶನಿವಾರ ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿಗೆ ಹೋಗ್ಬೇಕು, ಧೈರ್ಯ ಸಾಲ್ತಿಲ್ಲ. ಮೆಕ್ಯಾನಿಕ್ ಯಾರಾದ್ರೂ ಹೇಳಿ ಪ್ಲೀಸ್.

ಉತ್ತರ (ಗ್ಯಾರೇಜ್‌ನವ್ರು): ಮೇಡಂ, ನೀವು ಹೇಳಿದ ಜಾಗ ನೋಡಿದ್ರೆ ಎಸಿ ನೀರೇ ಇರ್ಬೇಕು. ಡ್ಯಾಶ್‌ಬೋರ್ಡ್ ಒಳಗೆ ಕೂಲಿಂಗ್ ಕಾಯಿಲ್ ಇರತ್ತೆ, ಗಾಳೀಲಿರೋ ತೇವ ಅದಕ್ಕೆ ತಾಗಿ ನೀರಾಗಿ ಒಂದು ಸಣ್ಣ ರಬ್ಬರ್ ಪೈಪಲ್ಲಿ ಕೆಳಗಿಳಿಯತ್ತೆ, ಹೆಚ್ಚಿನ ಕಾರಲ್ಲಿ ಅದು ಎಡಗಡೇನೇ. ಕರಾವಳಿ ಗಾಳೀಲಿ ತೇವ ಜಾಸ್ತಿ ಅಲ್ವಾ, ಅದಕ್ಕೇ ಇಷ್ಟು ನೀರು, ಕಲಬುರಗಿ ಬೇಸಿಗೇಲಿ ಇದೇ ಕಾರು ಇಷ್ಟು ಬಿಡಲ್ಲ.

ಆದ್ರೆ ಬಣ್ಣ ಇಲ್ಲ ಅಂತ ಅಷ್ಟಕ್ಕೇ ಬಿಡಬೇಡಿ. ಕೂಲಂಟ್ (ಇಂಜಿನ್ ತಣ್ಣಗಿಡೋಕೆ ರೇಡಿಯೇಟರಿಗೆ ಹಾಕೋ ದ್ರವ) ಆದ್ರೆ ಹಸಿರೋ ಗುಲಾಬಿಯೋ ಇರತ್ತೆ, ಬೆರಳಿಗೆ ಜಾರತ್ತೆ, ಸಿಹಿ ವಾಸನೆ ಬರತ್ತೆ (ನೆಕ್ಕಿ ನೋಡ್ಬೇಡಿ, ವಿಷ, ನಾಯಿ ಬೆಕ್ಕಿಗೂ ಸಿಗಬಾರ್ದು). ಯಾರಾದ್ರೂ ಮೊದ್ಲು ಕೂಲಂಟ್ ಬದ್ಲು ನಲ್ಲಿ ನೀರು ತುಂಬಿದ್ರೆ ಸೋರೋದೂ ಬಣ್ಣ ಇಲ್ದೇನೇ ಸೋರತ್ತೆ, ಮೋಸ ಹೋಗೋದು ಅಲ್ಲೇ. ಹಾಗಾಗಿ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ ಕೂಲಂಟ್ ಬಾಟ್ಲಿ ನೋಡಿ, ನೀರು ಎಲ್ಲಿವರೆಗಿದೆಯೋ ಅಲ್ಲಿಗೆ ಮಾರ್ಕರಲ್ಲಿ ಗೆರೆ ಎಳೀರಿ. ಆ ದಿನ ಎಸಿ ಹಾಕ್ದೇನೇ ಓಡ್ಸಿ, ರಾತ್ರಿ ಕೆಳಗೆ ರಟ್ಟು ಹಾಸಿ. ಮರುದಿನ ರಟ್ಟು ಒಣಗಿದ್ದು, ಗೆರೆ ಹತ್ರಾನೇ ನೀರಿದ್ರೆ ಆರಾಮಾಗಿ ಘಾಟಿ ಹತ್ತಿ.

ಪ್ರಶ್ನೆ ಕೇಳಿದವ್ರು: ನೋಡ್ದೆ ಅಣ್ಣ, ರಟ್ಟು ಒಣಗಿದೆ, ಗೆರೆ ಇಳಿದಿಲ್ಲ. ಆದ್ರೆ ಬಾಟ್ಲೀಲಿರೋದು ಬರೀ ನೀರಿನ ಥರ ಇದೆ, ಬಣ್ಣಾನೇ ಇಲ್ಲ.

ಉತ್ತರ: ಹಾಗಾದ್ರೆ ಸೋರಿಕೆ ಇಲ್ಲ, ಎಸಿ ನೀರೇ. ಆದ್ರೆ ಆ ಬರೀ ನೀರು ತೆಗೆಸಿ ಕೂಲಂಟ್ ಹಾಕ್ಸಿ ಮೇಡಂ, ಇಲ್ದಿದ್ರೆ ಒಳಗೆ ತುಕ್ಕು ಹಿಡಿಯತ್ತೆ, ಬೇಗ ಕುದಿಯತ್ತೆ ಕೂಡ. ಆಗುಂಬೆಯ 14 ತಿರುವನ್ನ ಸಣ್ಣ ಗೇರಲ್ಲಿ ಹತ್ತೋವಾಗ ಇಂಜಿನ್ ಬಿಸಿ ಏರೋದು ಜಾಸ್ತಿ. ಟೆಂಪರೇಚರ್ ಮೇಲೆ ಹೋದ್ರೆ ಸೈಡಿಗೆ ನಿಲ್ಸಿ ಆಫ್ ಮಾಡಿ, ಬಿಸಿ ಇರುವಾಗ ಮಾತ್ರ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ, ಕುದಿಯೋ ನೀರು ಮುಖಕ್ಕೇ ಹಾರತ್ತೆ.

ಇನ್ನೊಬ್ರು: ಸರ್, ನಮ್ದು ಉಲ್ಟಾ, ಎಸಿ ಹಾಕಿದ್ರೂ ಕೆಳಗೆ ಹನೀನೂ ಬೀಳಲ್ಲ, ಎಡಗಡೆ ಸೀಟಿನ ಮ್ಯಾಟ್ ಒದ್ದೆ.

ಉತ್ತರ: ಆ ಪೈಪ್ ಕಟ್ಟಿರತ್ತೆ ಸರ್, ಧೂಳು ಕಸ ಕೂತು. ಗ್ಯಾರೇಜಲ್ಲಿ ಏರ್ ಹೊಡ್ದು ಕ್ಲೀನ್ ಮಾಡ್ತಾರೆ, ದೊಡ್ಡ ಕೆಲ್ಸ ಅಲ್ಲ. ಕಾರ್ಪೆಟ್ ಎತ್ತಿ ಬಿಸಿಲಿಗೆ ಒಣಗ್ಸಿ, ಅಡಿಯಲ್ಲಿ ವೈರಿಂಗ್ ಹೋಗಿರತ್ತೆ, ತುಂಬಾ ದಿನ ಒದ್ದೆ ಬಿಡಬೇಡಿ.