ಅಪ್‌ಡೇಟ್: ನೋಟ್ಸ್ ಜಾಗ ತಪ್ಪೋದು ನಿಂತಿದೆ

ಹೋದ ವಾರ ಕೇಳಿದ್ನಲ್ಲ, ಪೇಜಲ್ಲಿ ಮೇಲೊಂದು ಸಾಲು ಸೇರಿಸಿದ್ರೂ, ವೆಬ್ ಪೇಜಿನ ಪದಗಳಿಗೆ ನೋಟ್ಸ್ ಅಂಟಿಸೋ ನಮ್ಮ ಟೂಲಲ್ಲಿ ಹಾಕಿದ ನೋಟ್ಸೆಲ್ಲ ಬೇರೆ ಪದದ ಮೇಲೆ ಹೋಗಿ ಕೂರುತ್ತೆ ಅಂತ, ಅದು ಸರಿಹೋಯ್ತು. ನಾನು ಬರೀ ಎಷ್ಟನೇ ಅಕ್ಷರ ಅನ್ನೋ ನಂಬರ್ ಸೇವ್ ಮಾಡ್ತಿದ್ದೆ, ನೀವು ಹೇಳಿದ ಹಾಗೆ ಡಬ್ಲ್ಯು3ಸಿ (ವೆಬ್‌ನ ಸ್ಟ್ಯಾಂಡರ್ಡ್ಸ್ ಮಾಡೋ ಸಂಸ್ಥೆ) 2017ರಲ್ಲಿ ತಂದ, ಇಂಥ ನೋಟ್ಸ್ ಹೇಗೆ ಸೇವ್ ಮಾಡ್ಬೇಕು ಅನ್ನೋ ವೆಬ್ ಆನೋಟೇಶನ್ ಡೇಟಾ ಮಾಡೆಲ್ ಓದಿ, ಸೆಲೆಕ್ಟ್ ಮಾಡಿದ ಪದಾನೂ ಅದರ ಹಿಂದೆ ಮುಂದೆ 32 ಅಕ್ಷರಾನೂ ಇಟ್ಕೊಂಡೆ.

ಆದ್ರೂ ಜಯನಗರದ ಅತ್ತಿಗೆ ತೋರಿಸಿದ ಒಂದು ಕನ್ನಡ ಪೇಜಲ್ಲಿ ಮ್ಯಾಚ್ ಆಗ್ತಾನೇ ಇರ್ಲಿಲ್ಲ. ನೋಡಿದ್ರೆ 'ಕೋಡ್' ಅನ್ನೋ ಪದದ ಕೊನೇಲಿ, ಒತ್ತಕ್ಷರ ಆಗದಂಗೆ ತಡೆಯೋ ಝಡ್‌ಡಬ್ಲ್ಯುಎನ್‌ಜೆ (ಝೀರೋ ವಿಡ್ತ್ ನಾನ್ ಜಾಯ್ನರ್) ಅನ್ನೋ ಗುರುತು ಕೂತಿದೆ, ಕಣ್ಣಿಗೇ ಕಾಣಲ್ಲ! ಹೋಲಿಸೋವಾಗ ಸೇವ್ ಮಾಡಿದ ಪದ, ಪೇಜಲ್ಲಿರೋ ಪದ ಎರಡರಿಂದಲೂ ಅದನ್ನ ತೆಗೆದೆ, ಸಿಕ್ತು.

ಸೋರ್ಸ್ ಕೋಡ್ ಮೇಲಿನ ನೋಟ್ಸ್‌ಗೆ ಲೈನ್ ನಂಬರ್ ಜೊತೆ ಕಮಿಟ್ ಹ್ಯಾಶ್ (ಕೋಡಿನ ಯಾವ ಆವೃತ್ತಿ ಅಂತ ಗುರುತಿಸೋ ಐಡಿ) ಇಟ್ಟಿದೀನಿ. ನಿಜವಾಗ್ಲೂ ಥ್ಯಾಂಕ್ಸ್ ಎಲ್ರಿಗೂ.