ರಬ್ಬರ್ ಕೈ ಪ್ರಯೋಗ: ಕೆಲವರಿಗೆ ಯಾಕೆ ಏನೂ ಅನಿಸ್ತಿಲ್ಲ?

ವಿಜ್ಞಾನ ಶಿಕ್ಷಕಿ, ದಾವಣಗೆರೆ:
ವಸ್ತುಪ್ರದರ್ಶನಕ್ಕೆ ಒಂಬತ್ತನೇ ಕ್ಲಾಸಿನ ಮಕ್ಕಳು ರಬ್ಬರ್ ಕೈ ಪ್ರಯೋಗ ಇಡ್ತಿದ್ದಾರೆ. ಪಾತ್ರೆ ತೊಳೆಯೋ ಹಳದಿ ಗ್ಲೌಸಿಗೆ ಹತ್ತಿ ತುಂಬಿದೀವಿ, ನಿಜವಾದ ಕೈಗೆ ರಟ್ಟಿನ ಮರೆ. ಕೂತವರು ಗ್ಲೌಸನ್ನೇ ನೋಡ್ತಿರುವಾಗ, ಗ್ಲೌಸನ್ನೂ ಮರೆಯಲ್ಲಿರೋ ಕೈಯನ್ನೂ ಎರಡು ಪೇಂಟಿಂಗ್ ಬ್ರಷ್‌ನಿಂದ ಒಟ್ಟಿಗೆ ಸವರ್ತೀವಿ. ಕೆಲವರಿಗೆ ಗ್ಲೌಸೇ ತಮ್ಮ ಕೈ ಅನಿಸುತ್ತೆ, ಕೆಲವರಿಗೆ ಏನೂ ಇಲ್ಲ. ಎಲ್ಲಿ ತಪ್ತಿದೆ?

ಮನಃಶಾಸ್ತ್ರ ಉಪನ್ಯಾಸಕ, ದಾವಣಗೆರೆ:
ಮೇಡಂ, ಹಳದಿ ಬಣ್ಣದಿಂದ ತೊಂದರೆ ಇಲ್ಲ. ಆಕಾರ ಕೈಯದ್ದಾಗಿರಬೇಕು ಅಷ್ಟೆ, ಮರದ ತುಂಡಿಟ್ಟರೆ ಆಗಲ್ಲ. ಅಂತರ ನೋಡ್ರಿ: ಎರಡು ಕೈ ನಡುವೆ 15–20 ಸೆಂ.ಮೀ. ಇರಲಿ, 30 ದಾಟಿದರೆ ಭ್ರಮೆ ಸೊರಗುತ್ತೆ. ಮರೆಯಲ್ಲಿರೋದು ಎಡಗೈ ಆದ್ರೆ ಗ್ಲೌಸೂ ಎಡಗೈದೇ ಬೇಕು, ಬೆರಳುಗಳು ಅದೇ ದಿಕ್ಕಿಗೆ ಚಾಚಿರಬೇಕು. ಗ್ಲೌಸಿನ ಬಾಯಿಂದ ಭುಜದವರೆಗೆ ಟವೆಲ್ ಹೊದಿಸಿ.

ಹೆಚ್ಚಾಗಿ ಕೆಡೋದು ಬ್ರಷ್‌ನಿಂದ. ತೋರುಬೆರಳಿನ ನಡುಗೆಣ್ಣಿಂದ ಉಗುರಿನ ಕಡೆಗೆ ಸವರಿ. ಎರಡೂ ಕಡೆ ಒಂದೇ ಜಾಗ, ಒಂದೇ ದಿಕ್ಕು, ಒಂದೇ ಕ್ಷಣ. ಅರ್ಧ ಸೆಕೆಂಡ್ ಹಿಂದುಮುಂದಾದರೂ ಹಿಡಿತ ತಪ್ಪುತ್ತೆ. ಅದಕ್ಕೇ ಎರಡೂ ಬ್ರಷ್ ಒಬ್ಬರೇ ಹಿಡೀಬೇಕು, ಇಬ್ಬರು ಮಕ್ಕಳಿಗೆ ಹಂಚಬೇಡಿ. ಒಮ್ಮೆ ಸವರಿ, ಒಮ್ಮೆ ತಟ್ಟಿ, ನಡುವೆ ಬಿಡುವು ಬದಲಾಗ್ತಿರಲಿ. ಯಾವಾಗ ಬೀಳುತ್ತೋ ಗೊತ್ತಿಲ್ಲದ ಸ್ಪರ್ಶ ಕಣ್ಣಿಗೂ ಚರ್ಮಕ್ಕೂ ಪದೇ ಪದೇ ತಾಳೆಯಾದಾಗ, ಕಂಡದ್ದೂ ತಾಕಿದ್ದೂ ಒಂದೇ ಅಂತ ಮಿದುಳು ಕಟ್ಟಿಬಿಡುತ್ತೆ. ಎರಡು ನಿಮಿಷ ಬಿಡದೆ ಮಾಡಿ. ಮರೆಯಲ್ಲಿರೋ ಬೆರಳು ಅಲುಗಿದರೆ ಮತ್ತೆ ಮೊದಲಿಂದ.

ಫಿಸಿಯೋಥೆರಪಿಸ್ಟ್, ಚಿತ್ರದುರ್ಗ:
ಒಂದು ಸೇರಿಸ್ತೀನಿ. ಬರೀ 'ಅನಿಸ್ತಾ?' ಅಂತ ಕೇಳಿದ್ರೆ ಸಾಲದು, ಅಳತೆ ಬೇಕು. 1998ರಲ್ಲಿ ಬಾಟ್ವಿನಿಕ್ ಮತ್ತು ಕೋಹೆನ್ ಅನ್ನೋ ಸಂಶೋಧಕರು ಈ ಪ್ರಯೋಗ ಪ್ರಕಟಿಸಿದಾಗಲೇ ಅಳತೆ ತೋರಿಸಿದ್ದರು. ಸವರೋ ಮೊದಲೂ ಆಮೇಲೂ ಕಣ್ಣು ಮುಚ್ಚಿಸಿ, ಮೇಜಿನ ಕೆಳಗೆ ಬಲಗೈ ಜಾರಿಸಿ ಎಡ ತೋರುಬೆರಳು ಎಲ್ಲಿದೆ ಅಂತ ತೋರಿಸೋಕೆ ಹೇಳಿ, ಸ್ಕೇಲಿನಲ್ಲಿ ಗುರುತು ಹಾಕಿ. ಭ್ರಮೆ ಹತ್ತಿದ್ರೆ ಎರಡನೇ ಗುರುತು ಗ್ಲೌಸ್ ಕಡೆಗೆ ಸರಿದಿರುತ್ತೆ. ಆಮೇಲೆ ಬೇಕಂತಲೇ ತಾಳ ತಪ್ಪಿಸಿ ಸವರಿ, ಮತ್ತೆ ಅಳೆಯಿರಿ. ಈ ಹೋಲಿಕೆ ಇಲ್ಲದಿದ್ರೆ ಅದು ಬರೀ ಚಮತ್ಕಾರ, ಪ್ರಯೋಗ ಅಲ್ಲ.

ಗ್ಲೌಸಿಗೆ ಸುತ್ತಿಗೆ ಹೊಡೆದು ತೋರಿಸೋ ವಿಡಿಯೋ ನೋಡಿ ಮಕ್ಕಳು ಅದನ್ನೇ ಮಾಡ್ತಾರೆ, ಬಿಡಬೇಡಿ. ಬೆಚ್ಚಿ ಎಳೆದ ಕೈ ಮೇಜಿನ ಅಂಚಿಗೆ ಬಡಿಯುತ್ತೆ. ಗ್ಲೌಸಿನ ಒಂದು ಬೆರಳನ್ನ ನಿಧಾನಕ್ಕೆ ಹಿಂದಕ್ಕೆ ಬಗ್ಗಿಸಿದ್ರೂ ಮುಖ ಕಿವುಚ್ತಾರೆ.

ವಿಜ್ಞಾನ ಶಿಕ್ಷಕಿ:
ಇಷ್ಟೆಲ್ಲ ಸರಿಯಾದ ಮೇಲೂ ಅನಿಸದೇ ಇದ್ರೆ ಸರ್?

ಮನಃಶಾಸ್ತ್ರ ಉಪನ್ಯಾಸಕ:
ಕೆಲವರಿಗೆ ಅನಿಸಲ್ಲ, ಅದು ಸಹಜ ಮೇಡಂ. ಅವರನ್ನೂ ಪಟ್ಟಿಯಲ್ಲಿ ಬರೀರಿ. 'ಈಗ ಇದು ನಿನ್ನ ಕೈ ಅನಿಸುತ್ತೆ ನೋಡು' ಅಂತ ಮಕ್ಕಳು ಮೊದಲೇ ಹೇಳಬಾರದು. ಹೇಳಿಕೊಟ್ಟಿದ್ದನ್ನೇ ಜನ ವಾಪಸ್ ಹೇಳ್ತಾರೆ, ಭ್ರಮೆ ಎಷ್ಟು, ಸಲಹೆಯ ಪ್ರಭಾವ ಎಷ್ಟು ಅಂತ ಬಿಡಿಸೋಕೆ ಆಗಲ್ಲ.