ಡಾಕ್ಟರಿಗೆ ಹೇಳದೆ ಹಾರ್ಮೋನ್ ಮಾತ್ರೆ ನಿಲ್ಲಿಸಬೇಡಿ

ಮಗಳೇ, ನೀನು ನಿನ್ನೆ ರಾತ್ರಿ ಗುಂಪಿನಲ್ಲಿ ಕೇಳಿದ ಪ್ರಶ್ನೆಯನ್ನು ಬೆಳಿಗ್ಗೆ ಎದ್ದ ಕೂಡಲೇ ಓದಿದೆ. ಸ್ತನ ಕ್ಯಾನ್ಸರ್ ಮರಳದಿರಲೆಂದು ಕೊಡುವ ಲೆಟ್ರೋಜೋಲ್ ಮಾತ್ರೆ ಶುರುವಾದ ಮೇಲೆ ಬೆಳಗಾದರೆ ಅಮ್ಮನ ಬೆರಳುಗಳು ಮಡಚಲಾರದಷ್ಟು ಬಿಗಿದುಕೊಂಡಿರುತ್ತವೆ, ರಾತ್ರಿ ಮೈಯೆಲ್ಲ ಬಿಸಿಯೇರಿ ಬೆವತು ಎಚ್ಚರವಾಗುತ್ತದೆ, ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲವೂ ಮುಗಿದಿರುವಾಗ ಈ ಮಾತ್ರೆಯೊಂದನ್ನು ಬಿಟ್ಟರೆ ಏನಾಗುತ್ತದೆ ಎಂದು ಕೇಳಿದ್ದೀಯೆ. ಅದರ ಕೆಳಗೆ ಒಬ್ಬರು ಸ್ವಲ್ಪ ದಿನ ಬಿಟ್ಟು ನೋಡಲಿ ಎಂದೂ, ಇನ್ನೊಬ್ಬರು ಯಾವುದೋ ಬೇರಿನ ಪುಡಿಯನ್ನು ಕುಡಿಯಲಿ ಎಂದೂ ಬರೆದಿದ್ದಾರೆ. ಇದಕ್ಕೆ ಎರಡು ಸಾಲಿನಲ್ಲಿ ಉತ್ತರ ಕೊಡುವುದು ನನ್ನಿಂದ ಸಾಧ್ಯವಿಲ್ಲ. ದಯವಿಟ್ಟು ಎಲ್ಲರೂ ಕೊನೆಯವರೆಗೆ ಕೇಳಿ. ಮೊದಲಿಗೇ ಹೇಳಿಬಿಡುತ್ತೇನೆ: ಡಾಕ್ಟರಿಗೆ ಹೇಳದೆ ಆ ಮಾತ್ರೆಯನ್ನು ನಿಲ್ಲಿಸಬೇಡಿ, ಈಗಾಗಲೇ ನಿಲ್ಲಿಸಿದ್ದರೆ ಅದನ್ನು ಮುಚ್ಚಿಡಬೇಡಿ.

ನಮ್ಮ ನಡುವೆಯೇ ಇದೇ ರೋಗ ಬಂದಿದ್ದವಳ ವಿಷಯವನ್ನು ನಾನು ಹೊಸದಾಗಿ ಹೇಳಬೇಕಾಗಿಲ್ಲ. ಅವಳಿಗೆ ಯಾವ ಬಗೆಯ ಗಡ್ಡೆ ಇತ್ತು, ಎಷ್ಟು ಧೈರ್ಯದಿಂದ ಕೀಮೋ ಮುಗಿಸಿದಳು, ಕೂದಲು ಮತ್ತೆ ಬಂದಾಗ ಮನೆಯಲ್ಲಿ ಎಷ್ಟು ಸಂತೋಷವಾಗಿತ್ತು ಎಂಬುದು ನಿಮಗೆಲ್ಲ ನೆನಪಿದೆ. ಆದರೆ ಅದಾದ ಮೇಲಿನ ಮಾತ್ರೆಯ ವಿಷಯವನ್ನು ನಾನು ಈವರೆಗೆ ಇಲ್ಲಿ ಎತ್ತಿರಲಿಲ್ಲ. ಅವಳ ಮಕ್ಕಳಿಗೆ ಫೋನ್ ಮಾಡಿ, ಅವರು ಹೇಳಿ ದೊಡ್ಡಮ್ಮ ಎಂದ ಮೇಲೆಯೇ ಈಗ ಹೇಳುತ್ತಿದ್ದೇನೆ.

ಅವಳಿಗೆ ಕೊಟ್ಟದ್ದು ಅನಾಸ್ಟ್ರೋಜೋಲ್, ನಿನ್ನ ಅಮ್ಮನ ಮಾತ್ರೆಯದೇ ಜಾತಿ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಮಂಡಿ, ಮಣಿಕಟ್ಟು, ಬೆರಳಿನ ಗೆಣ್ಣುಗಳೆಲ್ಲ ನೋಯತೊಡಗಿದವು. ಬೆಳಿಗ್ಗೆ ಗೋಡೆ ಹಿಡಿದುಕೊಂಡು ಹಾಸಿಗೆಯಿಂದ ಏಳುತ್ತಿದ್ದಳು, ಸ್ವಲ್ಪ ಓಡಾಡಿದ ಮೇಲೆ ಕೀಲು ಸಡಿಲವಾಗುತ್ತಿತ್ತು. ಮನೆಯಲ್ಲಿ ಹೇಳಿಕೊಂಡರೆ ವಯಸ್ಸಾಯಿತಲ್ಲ ಎಂಬ ಉತ್ತರ ಬರುತ್ತಿತ್ತು. ಡಾಕ್ಟರಿಗೆ ಮಾತ್ರ ಅವಳು ಒಂದು ಮಾತೂ ಹೇಳಲಿಲ್ಲ. ಜೀವ ಉಳಿಸಿದವರ ಎದುರು ಕುಳಿತು ಬೆರಳು ನೋಯುತ್ತದೆ ಎಂದು ದೂರುವುದು ಉಪಕಾರ ಮರೆತಂತೆ ಎಂದು ಅವಳಿಗೆ ಅನಿಸುತ್ತಿತ್ತಂತೆ. ಇದನ್ನು ಅವಳೇ ನನಗೆ ಹೇಳಿದ್ದು, ಆದರೆ ಬಹಳ ತಡವಾಗಿ ಹೇಳಿದಳು.

ಮೊದಲು ಒಂದೆರಡು ದಿನ ಬಿಟ್ಟಳು, ಆಮೇಲೆ ವಾರಗಟ್ಟಲೆ ಬಿಟ್ಟಳು, ನೋವು ತಗ್ಗಿದ್ದನ್ನು ಕಂಡು ಪೂರ್ತಿಯಾಗಿಯೇ ನಿಲ್ಲಿಸಿಬಿಟ್ಟಳು. ಯಾರಿಗೂ ಅನುಮಾನ ಬಾರದಿರಲೆಂದು ತಿಂಗಳು ತಿಂಗಳೂ ಮಾತ್ರೆಯನ್ನು ತರಿಸುತ್ತಲೇ ಇದ್ದಳು. ತಪಾಸಣೆಗೆ ಹೋದಾಗಲೆಲ್ಲ ಡಾಕ್ಟರು ಮಾತ್ರೆ ನಡೆಯುತ್ತಿದೆಯಲ್ಲ ಎಂದು ಕೇಳುತ್ತಿದ್ದರು, ಅವಳು ಹೌದೆಂದು ತಲೆಯಾಡಿಸುತ್ತಿದ್ದಳು, ಪಕ್ಕದ ಕುರ್ಚಿಯಲ್ಲಿ ಕುಳಿತ ನಾನೂ ಅದನ್ನೇ ನಂಬಿಕೊಂಡು ಬರುತ್ತಿದ್ದೆ. ಮುಂದೆ ಬೆನ್ನುನೋವು ಶುರುವಾಯಿತು, ಸ್ಕ್ಯಾನ್ ಆಯಿತು, ರೋಗ ಮೂಳೆಗೆ ಬಂದಿದೆ ಎಂದು ತಿಳಿಯಿತು. ಆಸ್ಪತ್ರೆಗೆ ಹೋಗುವ ಮುನ್ನ ಹಳೆಯ ರಿಪೋರ್ಟುಗಳಿಗಾಗಿ ಅವಳ ಬೀರು ತೆರೆದಾಗ, ಬಟ್ಟೆಗಳ ಹಿಂದೆ ರಬ್ಬರ್ ಬ್ಯಾಂಡ್ ಹಾಕಿ ಜೋಡಿಸಿಟ್ಟಿದ್ದ ಮಾತ್ರೆಗಳ ಸ್ಟ್ರಿಪ್‌ಗಳು ಸಿಕ್ಕವು. ಒಂದು ಮಾತ್ರೆಯೂ ಒಡೆದಿರಲಿಲ್ಲ.

ಮಾತ್ರೆ ಬಿಟ್ಟದ್ದರಿಂದಲೇ ರೋಗ ಮರಳಿತು ಎಂದು ನಾನು ಹೇಳುವುದಿಲ್ಲ, ಅವಳ ಮಕ್ಕಳ ಎದುರಿಗಂತೂ ಯಾರೂ ಹಾಗೆ ಹೇಳಬಾರದು. ಒಂದು ದಿನವೂ ತಪ್ಪದೆ ನುಂಗಿದವರಲ್ಲಿಯೂ ಅದು ಮರಳುವುದುಂಟು, ಅರ್ಧಕ್ಕೇ ಬಿಟ್ಟವರಲ್ಲಿ ಕೆಲವರು ಚೆನ್ನಾಗಿಯೇ ಇರುವುದೂ ಉಂಟು. ನನ್ನ ಸಂಕಟ ಇರುವುದು ಅವಳು ಮುಚ್ಚಿಟ್ಟದ್ದರಲ್ಲಿ. ನೋವಿನ ವಿಷಯ ಮೊದಲೇ ತಿಳಿದಿದ್ದರೆ ಅದೇ ಜಾತಿಯ ಬೇರೊಂದು ಮಾತ್ರೆಯನ್ನೋ ಟ್ಯಾಮಾಕ್ಸಿಫೆನ್ ಎಂಬ ಇನ್ನೊಂದು ಬಗೆಯ ಮಾತ್ರೆಯನ್ನೋ ಕೊಟ್ಟು ನೋಡುತ್ತಿದ್ದೆ ಎಂದು ಡಾಕ್ಟರು ಆಮೇಲೆ ಹೇಳಿದರು, ಆ ಮಾತನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಮಾತ್ರೆ ನುಂಗುತ್ತಿರುವಾಗಲೇ ರೋಗ ಮರಳಿದರೆ, ಆ ಗಡ್ಡೆ ಆ ಬಗೆಯ ಔಷಧಕ್ಕೆ ಬಗ್ಗುತ್ತಿಲ್ಲವೆಂದು ಡಾಕ್ಟರು ತಿಳಿದು ಮುಂದಿನ ಚಿಕಿತ್ಸೆಯನ್ನು ಅದಕ್ಕೆ ತಕ್ಕಂತೆ ಆರಿಸುತ್ತಾರೆ. ಮಾತ್ರೆ ಹೊಟ್ಟೆಗೇ ಹೋಗಿಲ್ಲವಾದರೆ ಲೆಕ್ಕವೇ ಬೇರೆ. ಅಂದರೆ ಆ ವಿಷಯ ಡಾಕ್ಟರಿಗೆ ತಿಳಿಯದೇ ಹೋಗಿದ್ದರೆ, ಮುಂದಿನ ಔಷಧವೂ ತಪ್ಪು ತಿಳಿವಳಿಕೆಯ ಮೇಲೆಯೇ ನಿರ್ಧಾರವಾಗುತ್ತಿತ್ತು.

ಹೇಳಬೇಡಿ ಅಕ್ಕಾ ಎಂದು ಅವಳು ನನ್ನ ಕೈ ಹಿಡಿದುಕೊಂಡು ಬೇಡಿದಳು. ನಾನು ಹೇಳಿದೆ. ಆ ಸ್ಟ್ರಿಪ್‌ಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲಿಟ್ಟೆ. ಕೆಲವು ದಿನ ಅವಳು ನನ್ನೊಡನೆ ಮಾತು ಬಿಟ್ಟಳು. ಡಾಕ್ಟರು ಮಾತ್ರ ಗದರಿಸಲಿಲ್ಲ, ಹೇಳಿದ್ದು ಒಳ್ಳೆಯದಾಯಿತು ಎಂದು ಮೊದಲು ಯೋಚಿಸಿದ್ದ ಔಷಧವನ್ನು ಬದಲಿಸಿದರು. ಆಮೇಲೆ ಅವಳು ನಮ್ಮ ನಡುವೆ ಕೆಲವು ಒಳ್ಳೆಯ ವರ್ಷಗಳನ್ನೇ ಕಳೆದಳು, ಆ ದಿನಗಳನ್ನು ನೀವೆಲ್ಲ ನೋಡಿದ್ದೀರಿ.

ಅದಕ್ಕಾಗಿಯೇ ಮತ್ತೊಮ್ಮೆ ಹೇಳುತ್ತೇನೆ: ಡಾಕ್ಟರಿಗೆ ಹೇಳದೆ ಮಾತ್ರೆಯನ್ನು ನಿಲ್ಲಿಸಬೇಡಿ, ನಿಲ್ಲಿಸಿದ್ದರೆ ಮುಚ್ಚಿಡಬೇಡಿ. ತಂಗೀ, ಈ ಮಾತು ನಿನಗೇ. ಮಗಳ ಕೈಯಲ್ಲಿ ಪ್ರಶ್ನೆ ಕೇಳಿಸಿ ನೀನು ಸುಮ್ಮನೆ ಓದುತ್ತಿದ್ದೀಯೆ ಎಂದು ನನಗೆ ಗೊತ್ತಿದೆ. ಈಗಾಗಲೇ ಕೆಲವು ದಿನ ಬಿಟ್ಟಿದ್ದರೂ ಪರವಾಗಿಲ್ಲ, ನನ್ನೊಬ್ಬಳಿಗೆ ಹೇಳು, ನಾವಿಬ್ಬರೂ ಸೇರಿ ಡಾಕ್ಟರಿಗೆ ಹೇಳೋಣ.

ಈಗ ಮನೆಯ ಗಂಡಸರಿಗೂ ಮಕ್ಕಳಿಗೂ ಒಂದು ಮಾತು ಹೇಳಲೇಬೇಕು, ಬೇಸರವಾದರೂ ಕೇಳಿಸಿಕೊಳ್ಳಿ. ರೇಡಿಯೇಷನ್‌ನ ಕೊನೆಯ ದಿನ ಎಲ್ಲರೂ ಸಿಹಿ ಹಂಚಿದಿರಿ, ಗುಣವಾಯಿತು ಎಂದಿರಿ, ಮರುದಿನದಿಂದ ಅವಳ ಪಾಲಿನ ಕೆಲಸವನ್ನೆಲ್ಲ ಮತ್ತೆ ಅವಳಿಗೇ ಒಪ್ಪಿಸಿದಿರಿ. ಆದರೆ ಚಿಕಿತ್ಸೆಯ ಅತ್ಯಂತ ಉದ್ದನೆಯ ಭಾಗ ಶುರುವಾಗುವುದೇ ಅಲ್ಲಿಂದ, ಕನಿಷ್ಠ 5 ವರ್ಷ, ಕೆಲವರಿಗೆ 7ರಿಂದ 10 ವರ್ಷ. ಕೂದಲು ಉದುರಿದ್ದಾಗ ದಿನಕ್ಕೆ ಹತ್ತು ಸಲ ವಿಚಾರಿಸಿದವರು, ಹೊರಗೆ ಏನೂ ಕಾಣದ ಈ ನೋವನ್ನು ಒಮ್ಮೆಯೂ ಕೇಳುವುದಿಲ್ಲ. ನಿದ್ದೆಯಿಲ್ಲದೆ ಸಿಡುಕಿದರೆ ಸ್ವಭಾವ ಕೆಟ್ಟಿತು ಎನ್ನುತ್ತಾರೆ, ಕೈಯಿಂದ ಲೋಟ ಜಾರಿದರೆ ಗಮನವಿಲ್ಲ ಎನ್ನುತ್ತಾರೆ. ದೇಹದಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನನ್ನು ಔಷಧ ಕೊಟ್ಟು ತಗ್ಗಿಸಿರುವಾಗ ಕೀಲು, ನಿದ್ದೆ, ಮನಸ್ಸು, ಚರ್ಮ ಯಾವುದೂ ಮೊದಲಿನಂತೆ ಇರುವುದಿಲ್ಲ ಎಂಬುದನ್ನು ಇಷ್ಟು ಓದಿದ ಮನೆಯಲ್ಲಿ ಯಾರೂ ಯೋಚಿಸಲಿಲ್ಲವಲ್ಲ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಡಾಕ್ಟರ ಕೋಣೆಯಲ್ಲಿಯೂ ಹಾಗೆಯೇ. ಏನಾದರೂ ತೊಂದರೆ ಇದೆಯೇ ಎಂಬ ಪ್ರಶ್ನೆ ಬರುವ ಹೊತ್ತಿಗೆ ಮುಂದಿನ ಚೀಟಿ ಬರೆದು ಮುಗಿದಿರುತ್ತದೆ, ಪ್ರಶ್ನೆಯೂ ಜೊತೆಗೆ ಬಂದ ಮಗನ ಮುಖ ನೋಡಿಯೇ ಬರುತ್ತದೆ. ಯೋನಿ ಒಣಗಿ ಉರಿಯುತ್ತದೆ, ಗಂಡನ ಹತ್ತಿರ ಹೋಗಲಾಗುತ್ತಿಲ್ಲ ಎಂಬುದನ್ನು ಹೆಂಗಸೊಬ್ಬಳು ಮಗನ ಎದುರು ಹೇಗೆ ಹೇಳುತ್ತಾಳೆ? ಈ ಮಾತ್ರೆಯಿಂದ ಅದು ಬಹಳ ಜನರಿಗೆ ಆಗುತ್ತದೆ, ಬಹಳ ಜನ ಅದನ್ನು ಹೇಳದೆಯೇ ಮಾತ್ರೆ ಬಿಡುತ್ತಾರೆ. ನಾನು ಗುಂಪಿನಲ್ಲಿ ಹೀಗೆ ಬಿಚ್ಚಿ ಹೇಳಿದ್ದು ಯಾರಿಗಾದರೂ ಮುಜುಗರವಾದರೆ ಆಗಲಿ.

ಸರಿ, ನಿನ್ನ ಪ್ರಶ್ನೆಗೆ ಬರುತ್ತೇನೆ ಮಗಳೇ, ಅಮ್ಮ ಈಗ ಏನು ಮಾಡಬೇಕು ಎಂಬುದನ್ನೇ ನಾನು ಇನ್ನೂ ಹೇಳಿಲ್ಲ. ಮುಂದಿನ ತಪಾಸಣೆಯ ದಿನಕ್ಕೆ ಕಾಯಬೇಡ, ಈ ವಾರವೇ ಫೋನ್ ಮಾಡಿ ಸಮಯ ಕೇಳು. ಅಲ್ಲಿಯವರೆಗೆ ನೋವು ಯಾವ ಕೀಲಿನಲ್ಲಿ, ಎಷ್ಟು ಹೊತ್ತು, ರಾತ್ರಿ ಎಷ್ಟು ಸಲ ಎಚ್ಚರ, ಇವನ್ನು ಅಮ್ಮ ಒಂದು ಪುಸ್ತಕದಲ್ಲಿ ಬರೆದಿಡಲಿ, ಎದುರಿಗೆ ಕುಳಿತಾಗ ಮರೆತುಹೋಗುತ್ತದೆ. ಮಾತ್ರೆ ಬದಲಿಸಬಹುದೇ ಎಂದು ಬಾಯಿಬಿಟ್ಟು ಕೇಳಿ. ಲೆಟ್ರೋಜೋಲ್ ಒಗ್ಗದವರಿಗೆ ಅನಾಸ್ಟ್ರೋಜೋಲ್ ಅಥವಾ ಎಕ್ಸೆಮೆಸ್ಟೇನ್ ಒಗ್ಗುವುದುಂಟು, ಮೂರೂ ಒಗ್ಗದಿದ್ದರೆ ಟ್ಯಾಮಾಕ್ಸಿಫೆನ್ ಇದೆ. ನೋವು ಮಾತ್ರೆಯಿಂದಲೇ ಬಂದದ್ದೇ ಎಂದು ತಿಳಿಯಲು ಡಾಕ್ಟರೇ ಕೆಲವು ವಾರ ನಿಲ್ಲಿಸಿ ನೋಡುವುದೂ ಇದೆ. ಆಗ ಮತ್ತೆ ಶುರುಮಾಡುವ ದಿನವನ್ನೂ ಅವರೇ ಹೇಳುತ್ತಾರೆ, ಗುಂಪಿನಲ್ಲಿ ಯಾರೋ ಹೇಳಿದರೆಂದು ಬಿಡುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸವೇ ಅದು. ಒಂದು ದಿನ ಮಾತ್ರೆ ಮರೆತುಹೋದರೆ ಮರುದಿನ ಎರಡು ನುಂಗಬಾರದು.

ಕೀಲುನೋವಿಗೆ ನಡಿಗೆಯಷ್ಟು ಒಳ್ಳೆಯದು ಬೇರೆ ಇಲ್ಲ. ನೋಯುತ್ತಿರುವಾಗ ನಡೆ ಎಂದರೆ ಸಿಟ್ಟು ಬರುತ್ತದೆ ಎಂದು ನನಗೆ ಗೊತ್ತು. ಆದರೂ ಇದೇ ಜಾತಿಯ ಮಾತ್ರೆ ತೆಗೆದುಕೊಳ್ಳುವ ಹೆಂಗಸರು ವಾರಕ್ಕೆ 150 ನಿಮಿಷ ಚುರುಕಾಗಿ ನಡೆದು, ಎರಡು ಸಲ ಭಾರ ಎತ್ತುವ ವ್ಯಾಯಾಮವನ್ನೂ ಮಾಡಿದಾಗ, ವರ್ಷದೊಳಗೆ ನೋವು ಚೆನ್ನಾಗಿ ತಗ್ಗಿದ್ದನ್ನು ಅಧ್ಯಯನ ನಡೆಸಿಯೇ ನೋಡಿದ್ದಾರೆ. ಹತ್ತು ನಿಮಿಷದಿಂದ ಶುರುಮಾಡಿ ಮೆಲ್ಲಗೆ ಏರಿಸಲಿ. ಆಗದಿದ್ದರೆ ಡುಲಾಕ್ಸೆಟಿನ್ ಎಂಬ ಮಾತ್ರೆ ಇಂಥ ನೋವಿಗೆ ಕೆಲವರಿಗೆ ಉಪಯೋಗವಾಗಿದೆ, ಅಕ್ಯುಪಂಕ್ಚರ್‌ನಿಂದಲೂ ಕೆಲವರಿಗೆ ಹಗುರವಾಗಿದೆ, ಕೇಳಿ ನೋಡಿ. ಮೂಳೆಯ ವಿಷಯವನ್ನು ಮಾತ್ರ ಮರೆಯಬೇಡಿ. ಲೆಟ್ರೋಜೋಲ್‌ನಿಂದ ಮೂಳೆ ಸವೆಯುತ್ತದೆ, ಆ ಸವೆತ ನೋವು ಕೊಟ್ಟು ತಿಳಿಸುವುದಿಲ್ಲ. ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಆಗಿದೆಯೇ, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಎಷ್ಟು ಬೇಕು, ಮೂಳೆ ಗಟ್ಟಿಯಾಗಲು ಇಂಜೆಕ್ಷನ್ ಬೇಕೇ ಎಂದು ಕೇಳಿ.

ಮೈ ಬಿಸಿಯೇರುವುದಕ್ಕೆ ಹಾರ್ಮೋನ್ ಇಲ್ಲದ ಔಷಧಗಳೇ ಇವೆ, ವೆನ್ಲಾಫ್ಯಾಕ್ಸಿನ್, ಗ್ಯಾಬಾಪೆಂಟಿನ್, ಆಕ್ಸಿಬ್ಯುಟಿನಿನ್ ಇವುಗಳಲ್ಲಿ ಯಾವುದು ಸರಿ ಎಂಬುದನ್ನು ಡಾಕ್ಟರೇ ಆರಿಸಲಿ. ಮನಸ್ಸನ್ನು ಪಳಗಿಸುವ ಸಿಬಿಟಿ ಎಂಬ ಆಪ್ತಸಮಾಲೋಚನೆಯಿಂದಲೂ ಆ ಬಿಸಿಯ ಕಾಟ ತಗ್ಗುತ್ತದೆ. ಮುಟ್ಟು ನಿಂತವರಿಗೆ ಸಾಮಾನ್ಯವಾಗಿ ಕೊಡುವ ಈಸ್ಟ್ರೋಜನ್ ಮಾತ್ರೆಯನ್ನು ಮಾತ್ರ ತೆಗೆದುಕೊಳ್ಳಬಾರದು. ಈ ರೋಗ ಬಂದವರಿಗೆ ಅದನ್ನು ಕೊಟ್ಟು ನೋಡಿದ ಒಂದು ದೊಡ್ಡ ಪರೀಕ್ಷೆಯಲ್ಲಿ, ಅದನ್ನು ತೆಗೆದುಕೊಂಡವರಲ್ಲಿ ರೋಗ ಹೆಚ್ಚಾಗಿ ಮರಳಿದ್ದರಿಂದ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಒಣಗುವಿಕೆಗೆ ಹಾರ್ಮೋನ್ ಇಲ್ಲದ ಮಾಯಿಶ್ಚರೈಸರ್ ಮತ್ತು ಲೂಬ್ರಿಕೆಂಟ್‌ಗಳಿವೆ. ಅದನ್ನು ಕೇಳುವಾಗ ಮಕ್ಕಳು ಹೊರಗೆ ಕುಳಿತಿರಲಿ, ನಾನು ಒಳಗಿರುತ್ತೇನೆ.

ಟ್ಯಾಮಾಕ್ಸಿಫೆನ್‌ಗೆ ಬದಲಿಸಿದರೆ ಬೇರೆ ಎಚ್ಚರಗಳಿವೆ. ಖಿನ್ನತೆಗೆ ಕೊಡುವ ಪ್ಯಾರಾಕ್ಸೆಟಿನ್, ಫ್ಲುಆಕ್ಸೆಟಿನ್ ಮಾತ್ರೆಗಳು, ಟ್ಯಾಮಾಕ್ಸಿಫೆನ್ ದೇಹದಲ್ಲಿ ತನ್ನ ಕೆಲಸ ಮಾಡುವ ರೂಪಕ್ಕೆ ಬದಲಾಗುವುದನ್ನು ತಡೆಯುತ್ತವೆ, ಆದ್ದರಿಂದ ಬೇರೆ ಯಾವ ಡಾಕ್ಟರು ಏನು ಬರೆದುಕೊಟ್ಟರೂ ಈ ಮಾತ್ರೆಯ ಹೆಸರನ್ನು ಮೊದಲು ಹೇಳಬೇಕು. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಕೂಡಲೇ ತಿಳಿಸಬೇಕು, ಏಕೆಂದರೆ ಟ್ಯಾಮಾಕ್ಸಿಫೆನ್ ಗರ್ಭಕೋಶದ ಒಳಪದರದ ಮೇಲೆ ಪರಿಣಾಮ ಮಾಡುತ್ತದೆ. ಒಂದೇ ಕಾಲು ಊದಿಕೊಂಡು ನೋಯುವುದು, ಇದ್ದಕ್ಕಿದ್ದಂತೆ ಉಸಿರು ಸಿಕ್ಕಿಕೊಳ್ಳುವುದು ರಕ್ತ ಹೆಪ್ಪುಗಟ್ಟಿದ ಲಕ್ಷಣವಾಗಿರಬಹುದು, ಅಂಥದ್ದಾದರೆ ಗುಂಪಿನಲ್ಲಿ ಕೇಳುತ್ತಾ ಕೂರಬಾರದು, ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಬೇಕು.

ಇಷ್ಟು ಕಷ್ಟಪಟ್ಟು ಏಕೆ ನುಂಗಬೇಕು ಎಂದು ಅಮ್ಮ ಕೇಳಿದರೆ ಇದನ್ನು ಹೇಳು: ಹಾರ್ಮೋನ್‌ಗೆ ಸ್ಪಂದಿಸುವ ಈ ಬಗೆಯ ರೋಗದಲ್ಲಿ 5 ವರ್ಷ ಟ್ಯಾಮಾಕ್ಸಿಫೆನ್ ತೆಗೆದುಕೊಂಡವರಲ್ಲಿ, ಮೊದಲ 15 ವರ್ಷಗಳಲ್ಲಿ ಸ್ತನ ಕ್ಯಾನ್ಸರ್‌ನಿಂದಾಗುವ ಸಾವು ಸುಮಾರು ಮೂರನೇ ಒಂದು ಭಾಗದಷ್ಟು ತಗ್ಗಿದೆ. ಮುಟ್ಟು ನಿಂತವರಿಗೆ ಅಮ್ಮ ಈಗ ನುಂಗುತ್ತಿರುವ ಜಾತಿಯದು ಅದಕ್ಕಿಂತ ಸ್ವಲ್ಪ ಹೆಚ್ಚೇ ಫಲ ಕೊಡುತ್ತದೆ.

ಪುಡಿಯ ಸಲಹೆ ಕೊಟ್ಟವರು ಪ್ರೀತಿಯಿಂದಲೇ ಕೊಟ್ಟಿದ್ದೀರಿ, ಆದರೆ ಅದರಲ್ಲಿ ಏನೇನಿದೆ ಎಂದು ಡಾಕ್ಟರು ನೋಡುವವರೆಗೆ ಅಮ್ಮನಿಗೆ ಕೊಡಬೇಡಿ. ಮಗಳೇ, ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ, ವಿಟಮಿನ್ ಡಬ್ಬಿ ಮತ್ತು ಆ ಪುಡಿಯ ಪೊಟ್ಟಣ ಸಮೇತ, ಒಂದೇ ಚೀಲದಲ್ಲಿ ಹಾಕಿಕೊಂಡು ಬಾ. ಸಮಯ ಸಿಕ್ಕಿದ ಕೂಡಲೇ ನನಗೆ ತಿಳಿಸು, ನಾನು ಅಮ್ಮನ ಜೊತೆಗೆ ಬರುತ್ತೇನೆ.